ನವಮಿಯ ದಿನ ಎಳೆದ ಡಿಸ್ಕು

ಶಾಹೀನ್, ಆ ಡಿಸ್ಕನ್ನು ಎಳೆದವಳು ನಾನು. ನೀನು ಸರಿಯಾಗಿ ಕೂರಿಸದೆ ಸಡಿಲವಾದದ್ದಲ್ಲ, ತಾನಾಗಿ ಕಳಚಿಕೊಂಡದ್ದೂ ಅಲ್ಲ. ಆಯುಧಪೂಜೆಯ ಬೆಳಿಗ್ಗೆ, ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ನಿನ್ನ ಕೋಣೆಗೆ ಹೋಗಿ, ಈ ಕೈಗಳಿಂದಲೇ ಎಳೆದೆ. ಮೂರು ತಿಂಗಳ ಮೇಲೆ ನೀನು ಕೇಳಿದಾಗ ಇಲ್ಲ ಎಂದೆ.

ಇಷ್ಟನ್ನು ಬರೆಯಲು ಈ ನಾಲ್ಕು ವರ್ಷಗಳಲ್ಲಿ ಎಷ್ಟು ಸಲ ಕೂತಿದ್ದೇನೆ ಎಂದರೆ — ಬಿಡು, ಅದನ್ನು ಹೇಳಿ ನಿನ್ನ ಮರುಕ ಸಂಪಾದಿಸುವುದು ಬೇಡ. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ, ಬೇಸರಿಸಬೇಡ. ಕ್ರಮವಾಗಿ ಹೇಳದಿದ್ದರೆ ನಡುವೆ ಎಲ್ಲಾದರೂ ಜಾರಿಕೊಂಡುಬಿಡುತ್ತೇನೆ. ನನ್ನ ಸ್ವಭಾವ ಈಗ ನನಗೆ ಚೆನ್ನಾಗಿ ಗೊತ್ತಾಗಿದೆ.

ನೀನು ವಿಜಯಪುರದಿಂದ ಸಂಶೋಧನೆಗೆಂದು ದೆಹಲಿಗೆ ಬಂದು, ದ್ವಾರಕಾದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ, ಐದನೇ ಮಹಡಿಯ ಈ ಮನೆಯ ಹಿಂದಿನ ಕೋಣೆ ಹಿಡಿದಾಗ ನಿನಗೆ ಇಪ್ಪತ್ತೊಂಬತ್ತು. ನಮ್ಮ ಮನೆಯವರು ಸಚಿವಾಲಯದ ತಮ್ಮ ಸೆಕ್ಷನ್ನಿಗೆ ಹೊರಟು ನಿಂತವರು ನಿನ್ನನ್ನು ನೋಡಿ ನನಗೆ ಹೇಳಿದ್ದರು: "ಕನ್ನಡದೋಳು ಸಿಕ್ಕಿದ್ಲಲ್ಲ, ಇನ್ನು ನೀನು ಕುಕ್ಕರ್ ಜೊತೆ ಮಾತಾಡೋದು ತಪ್ಪುತ್ತೆ." ತಮಾಷೆಯೇ, ಆದರೆ ನಿಜ. ಇಪ್ಪತ್ತು ವರ್ಷಗಳಿಂದ ಈ ಊರಿನಲ್ಲಿದ್ದೆ. ಹಾಲು, ತರಕಾರಿ ಮಾರುವ ಭಯ್ಯಾಗಳ ಜೊತೆ ಹಿಂದಿ, ಮಗಳು ಅನನ್ಯಾಳ ಜೊತೆ ಅರ್ಧ ಹಿಂದಿ ಅರ್ಧ ಇಂಗ್ಲಿಷು. ಪೂರ್ತಿ ಒಂದು ಕನ್ನಡ ವಾಕ್ಯವನ್ನು ಶುರುಮಾಡಿ ಮುಗಿಸುವ ಅವಕಾಶ ದಿನಕ್ಕೆ ಒಂದೋ ಎರಡೋ. ನೀನು ಮೊದಲ ದಿನವೇ ನಮ್ಮ ಹಾಸನದ ಕಡೆಯ ಸಾರನ್ನು ಕುಡಿದು, "ಆಂಟಿ, ಇದು ಸಾರಲ್ರಿ, ಪಾನಕ. ಬೆಲ್ಲ ಎಷ್ಟ್ ಹಾಕೀರಿ?" ಎಂದೆ. ಅನನ್ಯಾ ಬಿದ್ದು ಬಿದ್ದು ನಕ್ಕಳು. ನಾನು ಕೋಪ ಬಂದಂತೆ ನಟಿಸಿದೆ. ಒಳಗೆ ಎಷ್ಟು ಹಗುರವಾಗಿತ್ತು ಎಂದು ನಿನಗೆ ಯಾವತ್ತೂ ಹೇಳಲಿಲ್ಲ — ಹೇಳದೆ ಉಳಿಸಿಕೊಂಡದ್ದು ನನ್ನ ತಪ್ಪನ್ನು ಮಾತ್ರವಲ್ಲ, ನೋಡು.

ನಿನ್ನ ಕೆಲಸ ಗಾಳಿಯ ಧೂಳನ್ನು ಅಳೆಯುವುದು. ನಮ್ಮ ಬಾಲ್ಕನಿಯಲ್ಲಿ, ನನ್ನ ತುಳಸಿ ಕುಂಡದ ಪಕ್ಕ, ಟಿಫಿನ್ ಡಬ್ಬಿಯಷ್ಟು ದೊಡ್ಡ ಬಿಳಿ ಯಂತ್ರವೊಂದನ್ನು ನೀನು ಕಟ್ಟಿದೆ. ಅಂಥದೇ ಇನ್ನೊಂದು ಪೀತಮ್‌ಪುರದ ಒಂದು ತಾರಸಿಯ ಮೇಲೆ, ಮತ್ತೊಂದು ಕರೋಲ್ ಬಾಗಿನ ಸಣ್ಣ ಹೋಟೆಲೊಂದರ ಮಾಳಿಗೆಯಲ್ಲಿ. ಆ ಹೋಟೆಲಿನ ಯಜಮಾನ ನಿನ್ನನ್ನು ಕಂಡಾಗಲೆಲ್ಲ, "ಮೇಡಂಜೀ, ರಿಪೋರ್ಟ್ ಅಚ್ಛಾ ದೇನಾ, ಗೆಸ್ಟ್ ಭಾಗ್ ಜಾಯೇಂಗೆ" — ವರದಿ ಚೆನ್ನಾಗಿ ಕೊಡಿ, ಇಲ್ಲದಿದ್ದರೆ ಗಿರಾಕಿಗಳು ಓಡಿಹೋಗುತ್ತಾರೆ — ಎನ್ನುತ್ತಾನೆಂದು ನೀನು ಅವನ ಮೀಸೆ ತಿರುವುವ ರೀತಿಯನ್ನೂ ಮಾಡಿ ತೋರಿಸುತ್ತಿದ್ದೆ. ದಿನವೂ ಮೂರು ಸಲ ಬಟ್ಟೆ ಹಿಡಿದು ಧೂಳು ಒರೆಸುವವಳು ನಾನು; ಆ ಧೂಳಿನ ಒಂದೊಂದು ಕಣಕ್ಕೂ ಬೆಲೆ ಕೊಡುವವಳು ನೀನು. ಇಬ್ಬರೂ ಒಂದೇ ಮನೆಯಲ್ಲಿದ್ದೆವು.

ಮೂರೂ ಯಂತ್ರಗಳು ಕ್ಷಣಕ್ಷಣವೂ ಕಳಿಸುತ್ತಿದ್ದುದು ನಿನ್ನ ಮೇಜಿನ ಕೆಳಗಿನ ಕಪ್ಪು ಪೆಟ್ಟಿಗೆಗೆ ಬಂದು ಸೇರುತ್ತಿತ್ತು. ಅದೊಂದು ಹಳೆಯ ಕಂಪ್ಯೂಟರು. ಮುಂಭಾಗದಲ್ಲಿ ಡ್ರಾಯರಿನಂತೆ ಎಳೆಯಬಹುದಾದ ಎರಡು ತಟ್ಟೆಗಳು, ಒಂದೊಂದರಲ್ಲಿ ಒಂದೊಂದು ಡಿಸ್ಕು. ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲೂ ಬರೆಯುವುದು. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಅದಕ್ಕೆಂದೇ ಬೇರೆ ಯಂತ್ರವೇನೂ ಇಲ್ಲ, ಸಾಫ್ಟ್‌ವೇರೇ ಎರಡನ್ನೂ ಜೊತೆಜೊತೆಯಾಗಿ ನಡೆಸುತ್ತದೆ, ರೇಡ್ ಅಂತಾರೆ ಎಂದು ನೀನು ಹೇಳಿದ್ದೆ. ನಾನು ಕೇಳಿದ್ದೆ, "ಕರೆಂಟು ಹೋದ್ರೆ? ಒಂದರಲ್ಲಿ ಬರೆದು ಇನ್ನೊಂದರಲ್ಲಿ ಬರೆಯೋದ್ರೊಳಗೆ ಹೋಗ್ಬಿಟ್ರೆ?"

ಆ ಪ್ರಶ್ನೆಗೆ ನೀನು ಎಷ್ಟು ಖುಷಿಪಟ್ಟೆ! ಅಡುಗೆಮನೆಯ ಕಟ್ಟೆಯ ಮೇಲೆ ಹತ್ತಿ ಕೂತು ವಿವರಿಸಿದೆ. ಇಡೀ ಡಿಸ್ಕನ್ನು ಚೌಕಚೌಕವಾಗಿ ಭಾಗ ಮಾಡಿ, ಚೌಕಕ್ಕೊಂದು ಚುಕ್ಕೆಯಂತೆ ಒಂದು ಪುಟ್ಟ ನಕ್ಷೆ ಇಟ್ಟಿರುತ್ತದೆ. ಬಿಟ್‌ಮ್ಯಾಪ್ ಅಂತ ಅದರ ಹೆಸರು. ಯಾವ ಚೌಕದಲ್ಲಿ ಬರೆಯಬೇಕೋ ಅದರ ಚುಕ್ಕೆಯನ್ನು ಮೊದಲು ಗುರುತು ಹಾಕುತ್ತದೆ. ಆಮೇಲೆ ಬರೆಯುತ್ತದೆ. ಎರಡೂ ಡಿಸ್ಕಿನಲ್ಲಿ ಬರೆದಾದ ಮೇಲಷ್ಟೇ ಗುರುತನ್ನು ಅಳಿಸುತ್ತದೆ. ನಡುವೆ ಏನೇ ಆದರೂ, ಗುರುತು ಉಳಿದ ಚೌಕಗಳನ್ನಷ್ಟೇ ಸರಿಮಾಡಿದರೆ ಸಾಕು. ಇಡೀ ಡಿಸ್ಕನ್ನು ಮೊದಲಿನಿಂದ ನಕಲು ಮಾಡಬೇಕಾಗಿಲ್ಲ.

ನಾನು ನಿನಗೆ ನನ್ನ ಉಪ್ಪಿನ ಚಮಚ ತೋರಿಸಿದೆ. ಸಾರಿಗೆ ಉಪ್ಪು ಹಾಕಬೇಕು ಅನ್ನುವಾಗ ಮೊದಲು ಚಮಚವನ್ನು ಪಾತ್ರೆಯ ಬಾಯಿಗೆ ಅಡ್ಡ ಇಡುತ್ತೇನೆ. ಹಾಕಿ, ಕಲಕಿ, ರುಚಿ ನೋಡಿದ ಮೇಲೆ ಅದು ವಾಪಸು ಉಪ್ಪಿನ ಭರಣಿಗೆ. ನಡುವೆ ಯಾರಾದರೂ ಬೆಲ್ಲು ಒತ್ತಿದರೆಂದು ಹೋಗಿ, ತರಕಾರಿ ಭಯ್ಯಾನೊಡನೆ ಹತ್ತು ನಿಮಿಷ ಮಾತಾಡಿ ಬಂದರೂ, ಚಮಚ ಅಡ್ಡ ಇದೆಯೆಂದರೆ ಉಪ್ಪಿನ ಕೆಲಸ ಮುಗಿದಿಲ್ಲ, ಒಮ್ಮೆ ರುಚಿ ನೋಡಬೇಕು ಎಂದು ಗೊತ್ತಾಗುತ್ತದೆ. ನೀನು ಕಟ್ಟೆಯಿಂದ ಜಿಗಿದೆ. "ಅದರಾಗ ಇದೇ ಐತ್ರಿ ಆಂಟಿ! ನಮ್ಮ ಗೈಡ್ ಎರಡು ತಾಸು ಪಾಠ ಮಾಡಿದ್ದನ್ನ ನೀವು ಒಂದು ಚಮಚದಾಗ ಮುಗಿಸಿದ್ರಿ."

ಹಾಸನದ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು ನಾನು. ಸಿಸ್ಟರ್ ಬೆನಡಿಕ್ಟಾ ನನ್ನ ಕೈಬರಹವನ್ನು ಹೊಗಳಿದ್ದರು, ಹೆಣಿಗೆಯನ್ನು ಹೊಗಳಿದ್ದರು. ನನ್ನ ಬುದ್ಧಿಯನ್ನು ಹೊಗಳಿದವರು ಯಾರೂ ಇರಲಿಲ್ಲ. ನೀನು ಮೊದಲಿಗಳು. ಇದನ್ನು ಇಲ್ಲಿ ಬರೆಯುವುದು ನನ್ನನ್ನು ಬಚಾವು ಮಾಡಿಕೊಳ್ಳಲು ಅಲ್ಲ. ಎಂಥವಳಿಗೆ ಸುಳ್ಳು ಹೇಳಿದೆ ಎನ್ನುವುದು ಬರೆದಿರಲಿ ಎಂದು.

ಆ ವರ್ಷ ದಸರೆಗೆ ನೀನು ಊರಿಗೆ ಹೊರಟೆ. ನಿನ್ನ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ನು. ಹೊರಡುವಾಗ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದೆ: "ಆಂಟಿ, ಕೋಣಿ ಗುಡಿಸ್ರಿ, ಒರೆಸ್ರಿ, ಏನರ ಮಾಡ್ರಿ. ಈ ಡಬ್ಬಿ ಒಂದನ್ನ ಮುಟ್ಟಬ್ಯಾಡ್ರಿ. ಚಳಿಗಾಲದ ಡೇಟಾ ಈಗ ಶುರು ಆಗತೈತಿ. ಇದು ಹೋದ್ರ ನನ್ನ ಪಿಎಚ್‌ಡಿನೇ ಹೋಯ್ತು." ನಾನು ಆಯಿತು ಎಂದೆ.

ಮಹಾನವಮಿಯ ಬೆಳಿಗ್ಗೆ ಮನೆಯ ಎಲ್ಲ ಆಯುಧಗಳಿಗೂ ಪೂಜೆ. ನಮ್ಮಲ್ಲಿ ಖಡ್ಗ ಕೋವಿ ಎಲ್ಲಿಂದ ಬರಬೇಕು? ಕಾರು, ಹೊಲಿಗೆ ಯಂತ್ರ, ಮಿಕ್ಸಿ, ಕತ್ತರಿ, ಈಳಿಗೆಮಣೆ, ಇಸ್ತ್ರಿಪೆಟ್ಟಿಗೆ. ಗೀಸರಿಗೆ ಸ್ಟೂಲು ಹತ್ತಿ ಕುಂಕುಮ ಹಚ್ಚುವಾಗ ಇದು ಅತಿಯಾಯಿತೆಂದು ಅನನ್ಯಾ ಕೂಗಿದಳು, "ಅಮ್ಮಾ, ಗೀಸರ್‌ಗೂನಾ? ಹದ್ ಹೋ ಗಯೀ ಯಾರ್! ಅದು ವೆಪನ್ ಥೋಡೀ ಹೈ!" ಇವರು ಪೇಪರಿನ ಹಿಂದಿನಿಂದಲೇ, "ಜನವರಿಯಲ್ಲಿ ನಿನ್ನನ್ನ ಬಚ್ಚಲಿಗೆ ಕಳಿಸೋಕೆ ನಿಮ್ಮಮ್ಮನ ಹತ್ರ ಇರೋ ಆಯುಧ ಅದೊಂದೇ ಕಣೇ" ಎಂದರು. ನಗುತ್ತಾ ಸ್ಟೂಲಿನಿಂದ ಇಳಿದೆ. ಬಟ್ಟಲಲ್ಲಿ ಇನ್ನೂ ಸೇವಂತಿಗೆ ಉಳಿದಿತ್ತು.

ನಿನ್ನ ಪೆಟ್ಟಿಗೆಯ ನೆನಪಾಯಿತು. ಮನೆಯವರ ಸಾಮಾನಿಗೆಲ್ಲ ಹೂವಿಟ್ಟು ನಿನ್ನದನ್ನು ಬಿಟ್ಟರೆ ಅದು ಹೊರಗಿನವಳ ಸಾಮಾನು ಎಂದಾಗುತ್ತದೆ ಅನ್ನಿಸಿತು. ಆದರೆ ಮೇಲೆ ಕಾಣುವಂತೆ ಕುಂಕುಮ ಇಟ್ಟರೆ — ನೀನು ಏನೆಂದುಕೊಳ್ಳುತ್ತೀಯೋ, ನಿನ್ನ ಮನೆಯವರು ಯಾರಾದರೂ ಬಂದು ನೋಡಿದರೆ ಏನೆಂದುಕೊಳ್ಳುತ್ತಾರೋ. ನಿನ್ನನ್ನು ಕೇಳಬಹುದಿತ್ತು. ಫೋನು ಕೈಯಲ್ಲೇ ಇತ್ತು. ಕೇಳಲಿಲ್ಲ. ಕಾಣದ ಜಾಗದಲ್ಲಿ ಒಂದು ಚುಕ್ಕೆ ಇಟ್ಟುಬಿಡೋಣ ಎಂದುಕೊಂಡು ಮೇಲಿನ ತಟ್ಟೆಯ ಕೊಕ್ಕೆ ಹಿಡಿದು ಎಳೆದೆ. ಟಕ್ ಎಂದು ಬಂತು. ತಟ್ಟೆಯ ಒಳಬದಿಯ ಅಂಚಿನಲ್ಲಿ ಸಾಸಿವೆಯಷ್ಟು ಕುಂಕುಮ ಇಟ್ಟೆ. ವಾಪಸು ತಳ್ಳಿದೆ.

ಎರಡು ತಟ್ಟೆಗಳಿಗೂ ಒಂದೊಂದು ಹಸಿರು ದೀಪವಿತ್ತು. ಮೇಲಿನದು ಕೆಂಪಾಗಿತ್ತು.

ಅದರ ಅರ್ಥ ನನಗೆ ಗೊತ್ತಾಗಲಿಲ್ಲ ಎಂದು ಈ ಪತ್ರದ ಮೊದಲ ಪ್ರತಿಯಲ್ಲಿ ಬರೆದಿದ್ದೆ. ಹೊಡೆದುಹಾಕಿದೆ. ಗೊತ್ತಾಗಿತ್ತು ಶಾಹೀನ್. ಕೆಂಪು ಎಂದರೆ ಏನೆಂದು ಯಾರಿಗೆ ಗೊತ್ತಿಲ್ಲ? ನೆಲದ ಮೇಲೆ ಕೂತು ಅದು ಹಸಿರಾಗಲಿ ಎಂದು ಕಾದೆ. ಇನ್ನೊಮ್ಮೆ ಒತ್ತಿದೆ. ಆಗಲಿಲ್ಲ. ಹೊರಗೆ ಇವರು, "ಮಂಗಳಾರತಿ ಮಾಡ್ತೀಯೋ ಇಲ್ವೋ, ಹೊಟ್ಟೆ ಹಸೀತಿದೆ" ಎಂದರು. ಎದ್ದು ಹೋದೆ.

ನೀನು ಬರಲು ಇನ್ನೂ ಐದು ದಿನ ಇತ್ತು. ಆ ಐದು ದಿನಗಳಲ್ಲಿ ನಾನು ಮಾಡಿದ್ದು ಏನು ಗೊತ್ತೇ — ಕ್ರೋಶಾ ಕಡ್ಡಿ ಹಿಡಿದು ಕೂತೆ. ಬಿಳಿ ದಾರದಲ್ಲಿ, ಅಂಚಿಗೆ ನೀಲಿ ಹೂವಿಟ್ಟು, ಆ ಪೆಟ್ಟಿಗೆಯ ಅಳತೆಗೆ ಸರಿಯಾಗಿ ಒಂದು ಹೊದಿಕೆ ಹೆಣೆದೆ. ಹಿಂಬದಿ ಗಾಳಿಯಾಡಲು ಖಾಲಿ, ಮುಂಬದಿ ಪೂರ್ತಿ ಮುಚ್ಚುವಂತೆ. ನೀನು ಬಂದವಳೇ ಅದನ್ನು ನೋಡಿ ನನ್ನನ್ನು ತಬ್ಬಿಕೊಂಡೆ. "ಅಯ್ಯ! ನನ್ನ ಡಬ್ಬಿಗೂ ಸ್ವೆಟರ್ ಹಾಕೀರೇನ್ರಿ! ದಿಲ್ಲಿ ಚಳಿ ಅದಕ್ಕೂ ಆಗೂದಿಲ್ಲಂತ ಗೊತ್ತಾತೇನ್ರಿ ನಿಮಗ?" ನೀನು ಅದರ ಫೋಟೋ ತೆಗೆದು ನಿನ್ನ ಅಮ್ಮನಿಗೆ ಕಳಿಸಿದೆ. ನಿನ್ನ ಅಮ್ಮ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ವಿಡಿಯೋ ಕಾಲಿನಲ್ಲಿ ನನ್ನನ್ನು ಹರಸಿದರು. ನಾನು ಕೈ ಮುಗಿದೆ.

ನನ್ನ ಜೀವನದಲ್ಲಿ ಅದಕ್ಕಿಂತ ಅಂದವಾದ ಹೆಣಿಗೆ ನನ್ನ ಕೈಯಿಂದ ಬಂದಿಲ್ಲ.

ಆಮೇಲೆ ಚಳಿಗಾಲ. ದೀಪಾವಳಿ ಕಳೆದು, ಎದುರಿನ ಸೊಸೈಟಿಯ ನೀರಿನ ಟ್ಯಾಂಕು ಹೊಗೆಯಲ್ಲಿ ಕಾಣದಾಯಿತು. ಅನನ್ಯಾಳಿಗೆ ಕೆಮ್ಮು. ತುಳಸಿಯ ಎಲೆಗಳ ಮೇಲೆ ಬೂದಿ ಬಣ್ಣದ ಪುಡಿ. ಒರೆಸಿದರೆ ಸಂಜೆಗೆ ಮತ್ತೆ. ನೀನು ಮಾತ್ರ ಹಬ್ಬ ಬಂದವಳಂತೆ ಓಡಾಡುತ್ತಿದ್ದೆ. ಇಂಥ ಅಂಕಿಗಳು ಹಿಂದೆ ಯಾವತ್ತೂ ಸಿಕ್ಕಿರಲಿಲ್ಲವಂತೆ. ಪ್ರಬಂಧದ ಜೀವಾಳವೆಲ್ಲ ಆ ಮೂರು ತಿಂಗಳಲ್ಲೇ ಇದೆಯಂತೆ. ಅಷ್ಟೂ ಒಂದೇ ಡಿಸ್ಕಿನ ಮೇಲೆ ಬರೆಯಲ್ಪಡುತ್ತಿತ್ತು. ಅದು ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಪ್ರತಿದಿನ ನೆಲ ಒರೆಸುವಾಗ ಹೊದಿಕೆಯ ದಾರದ ಕಣ್ಣುಗಳಿಂದ ಆ ಕೆಂಪು ಸಣ್ಣಗೆ ಕಾಣುತ್ತಿತ್ತು. ಇವತ್ತು ಹೇಳುತ್ತೇನೆ, ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಆಮೇಲೆ, ಇಷ್ಟು ದಿನ ಏನೂ ಆಗಿಲ್ಲವಲ್ಲ ಎಂದುಕೊಳ್ಳಲು ಶುರುಮಾಡಿದೆ.

ಜನವರಿಯ ಒಂದು ಬೆಳಿಗ್ಗೆ, ನೀನು ಹಲ್ಲುಜ್ಜುತ್ತಿದ್ದೆ, ನಾನು ನಿನ್ನ ಕಿಟಕಿಯ ಗಾಜು ಒರೆಸುತ್ತಿದ್ದೆ. ಪೆಟ್ಟಿಗೆಯಿಂದ ಒಂದು ಸದ್ದು. ಮಿಕ್ಸಿಯಲ್ಲಿ ಒಂದೇ ಒಂದು ಕಾಳು ಸಿಕ್ಕಿಕೊಂಡಂತೆ — ಟಿಕ್. ಬಿಟ್ಟು ಮತ್ತೆ ಟಿಕ್. "ಶಾಹೀನ್, ಬಾ ಇಲ್ಲಿ, ಬೇಗ" ಎಂದು ಕೂಗಿದೆ.

ನೀನು ಬಾಯಲ್ಲಿ ನೊರೆ ಇಟ್ಟುಕೊಂಡೇ ಬಂದೆ. ಹೊದಿಕೆ ಎತ್ತಿದೆ. ಕೆಂಪು ನೋಡಿದೆ. ಏನನ್ನೋ ಟೈಪು ಮಾಡಿದೆ. ಪರದೆಯ ಮೇಲೆ, ನಡೆಯುತ್ತಿರುವ ಡಿಸ್ಕಿಗೆ ಒಂದು ಯು ಅಕ್ಷರ, ಅದರ ಪಕ್ಕ ಇನ್ನೊಂದು ಇರಬೇಕಾದ ಜಾಗದಲ್ಲಿ ಬರಿಯ ಒಂದು ಗೆರೆ. ಇನ್ನೇನನ್ನೋ ಟೈಪು ಮಾಡಿ ಓದಿದೆ. "ಈ ಡಿಸ್ಕ್ ನವಮಿ ದಿನ ಮುಂಜಾನೆ ಒಂಬತ್ತೂವರಿಗೇ ಹೊರಗ ಬಿದ್ದೈತಿ. ಅವತ್ತಿಂದ ಒಂದೇ ನಡದೈತಿ. ಆ ಒಂದು ಈಗ ಸಾಯಾಕ ಹತ್ತೈತಿ." ನನ್ನ ಕಡೆ ತಿರುಗಿದೆ. ಸಿಟ್ಟಿರಲಿಲ್ಲ. ಬರೀ ಹೆದರಿಕೆ.

"ಆಂಟಿ, ಅವತ್ತು ಯಾರರ ಇದನ್ನ ಮುಟ್ಟಿದ್ರೇನ್ರಿ?"

"ಇಲ್ಲಮ್ಮ. ಯಾರೂ ಮುಟ್ಟಿಲ್ಲ."

ಆ ಎರಡು ವಾಕ್ಯಗಳನ್ನು ಹೇಳುವಾಗ ನನ್ನ ದನಿ ನಡುಗಲಿಲ್ಲ. ಅದೇ ನನಗೆ ಇವತ್ತಿಗೂ — ನಡುಗಬೇಕಿತ್ತಲ್ಲವೇ?

"ಹಂಗಾರ ನಾನ ಸರಿಯಾಗಿ ಕೂಡಿಸಿಲ್ಲ," ಎಂದೆ ನೀನು. "ಎಚ್ಚರಿಕೆ ಮೇಲ್ ಬರೂ ಹಂಗ ಹಾಕಬೇಕಂತ ಮಾಡಿದ್ದೆ, ಊರಿಂದ ಬಂದು ಹಾಕೋಣಂತ ಬಿಟ್ಟೆ. ನಂದೇ ತಪ್ಪು."

ನೀನು ತಟ್ಟೆಯನ್ನು ಎಳೆದೆ. ಅದರ ಒಳ ಅಂಚಿನಲ್ಲಿ ಮಾಸಿದ ಕೆಂಪು ಇನ್ನೂ ಇತ್ತು. ನಾನು ನಿಂತಲ್ಲಿಂದ ನೋಡಿದೆ. ನೀನು ಹೆಬ್ಬೆರಳಿನಿಂದ ಒಮ್ಮೆ ಒರೆಸಿದೆ. ಮತ್ತೆ ತಳ್ಳಿ ಕೊಕ್ಕೆ ಪೂರ್ತಿ ಬೀಳುವವರೆಗೆ ಒತ್ತಿದೆ. ಅದನ್ನು ತುಕ್ಕು ಎಂದುಕೊಂಡೆಯೋ, ಧೂಳೆಂದುಕೊಂಡೆಯೋ, ಅಥವಾ — ಈ ಒಂದು ಪ್ರಶ್ನೆಯನ್ನು ನಿನ್ನಲ್ಲಿ ಕೇಳುವ ಅರ್ಹತೆ ನನಗಿಲ್ಲ. ಬರೆದಿಟ್ಟಿದ್ದೇನೆ ಅಷ್ಟೆ.

ಆಮೇಲಿನ ಒಂದು ಗಂಟೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಇಡೀ ಡಿಸ್ಕನ್ನು ನಕಲು ಮಾಡಬೇಕಾದರೆ ಒಂದು ಹಗಲು ಒಂದು ರಾತ್ರಿ ಬೇಕು, ಅಷ್ಟು ಹೊತ್ತು ಆ ಟಿಕ್‌ಟಿಕ್ ಡಿಸ್ಕು ಬದುಕುವುದಿಲ್ಲ ಎಂದೆ ನೀನು. "ಬಿಟ್‌ಮ್ಯಾಪ್ ಐತಿ. ಅದು ಗುರ್ತು ಇಟ್ಟಿದ್ರ ಉಳೀತೀವಿ," ಎಂದೆ. ಅದು ಗುರುತು ಇಟ್ಟಿತ್ತು! ನವಮಿಯ ಬೆಳಿಗ್ಗೆಯಿಂದ ಬರೆದ ಒಂದೊಂದು ಚೌಕದ ಚುಕ್ಕೆಯನ್ನೂ ಅಳಿಸದೆ ಹಾಗೆಯೇ ಹಿಡಿದುಕೊಂಡು ಕೂತಿತ್ತು — ಎರಡನೆಯ ಡಿಸ್ಕಿಗೆ ಇನ್ನೂ ಬರೆದಿಲ್ಲ, ಬರೆದಿಲ್ಲ, ಬರೆದಿಲ್ಲ ಎಂದು. ಹೊರಗಿದ್ದ ಡಿಸ್ಕು ವಾಪಸು ಬಂದ ಕೂಡಲೇ ಆ ಚೌಕಗಳನ್ನು ಮಾತ್ರ ನಕಲು ಮಾಡಲು ತೊಡಗಿತು. ಪರದೆಯ ಮೇಲೆ ಐವತ್ತು ನಿಮಿಷ ಎಂದು ತೋರಿಸಿತು.

ನಾವಿಬ್ಬರೂ ನೆಲದ ಮೇಲೆ ಕೂತೆವು. ಫ್ಯಾನು ಬೇಡ, ಬಾಗಿಲು ಹಾಕಬೇಡಿ, ನಡೆದಾಡಬೇಡಿ ಎಂದೆ ನೀನು, ನೆಲ ಅದುರಿದರೂ ಅದಕ್ಕೆ ತ್ರಾಸಾದೀತು ಎನ್ನುವಂತೆ. ಶೇಕಡಾ ಹನ್ನೆರಡು. ಟಿಕ್. ಹತ್ತೊಂಬತ್ತು. ನೀನು ತುಟಿಯಲ್ಲೇ ದುವಾ ಮಾಡುತ್ತಿದ್ದೆ. ನನಗೆ ಲಲಿತಾ ಸಹಸ್ರನಾಮ ಬಾಯಿಪಾಠ, ಆದರೆ ಅವತ್ತು ಬಾಯಿಗೆ ಬಂದದ್ದು ಕಾನ್ವೆಂಟಿನ ಅಸೆಂಬ್ಲಿಯಲ್ಲಿ ಮೇರಿಮಾತೆಗೆ ಹೇಳುತ್ತಿದ್ದ ಇಂಗ್ಲಿಷ್ ಪ್ರಾರ್ಥನೆ. ಮೂವತ್ತು ವರ್ಷಗಳಿಂದ ಹೇಳಿರದಿದ್ದದ್ದು ಒಂದಕ್ಷರ ತಪ್ಪದೆ ಬಂತು. ನಲವತ್ತೇಳರಲ್ಲಿ ಸಂಖ್ಯೆ ನಿಂತುಬಿಟ್ಟಿತು. ನೀನು ನನ್ನ ಕೈ ಹಿಡಿದೆ. ಹೊರಗೆ ಹಳೇ ಸಾಮಾನು ಕೊಳ್ಳುವ ಕಬಾಡಿಯವನು ಕೂಗಿಕೊಂಡು ಹೋದದ್ದು ಕೇಳಿಸಿತು. ಮತ್ತೆ ನಲವತ್ತೆಂಟು. ನಿನ್ನ ಉಗುರಿನ ಗುರುತು ನನ್ನ ಅಂಗೈಯಲ್ಲಿ ಎರಡು ದಿನ ಇತ್ತು.

ಮುಗಿದಾಗ ಆ ಗೆರೆ ಹೋಗಿ ಅದರ ಜಾಗದಲ್ಲಿ ಎರಡನೆಯ ಯು ಬಂದಿತ್ತು. ನೀನು ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತೆ. ಮಾರನೆಯ ಮಧ್ಯಾಹ್ನ ಆ ಸದ್ದು ಮಾಡುತ್ತಿದ್ದ ಡಿಸ್ಕು ಪೂರ್ತಿ ನಿಂತುಹೋಯಿತು. ನಿನ್ನ ಚಳಿಗಾಲ ಉಳಿಯಿತು.

ನನಗೆ ಕಂಪ್ಯೂಟರಿನ ದೇವರು ಯಾರೆಂದು ಗೊತ್ತಿಲ್ಲ. ಆದರೆ ಮಾಡಲಿರುವ ಕೆಲಸವನ್ನು ಮೊದಲು ಗುರುತು ಹಾಕಿಕೊ, ಮುಗಿಯುವವರೆಗೆ ಅಳಿಸಬೇಡ ಎಂದು ಯಾವ ಊರಿನ ಯಾವ ಪುಣ್ಯಾತ್ಮರು ಯೋಚಿಸಿ ಬರೆದಿಟ್ಟರೋ, ಅವರನ್ನು ದಿನವೂ ದೀಪ ಹಚ್ಚುವಾಗ ನೆನೆಯುತ್ತೇನೆ. ನನ್ನ ಕೈ ಮಾಡಿದ್ದನ್ನು ಅವರ ಕೈ ತಡೆಯಿತು. ಇಷ್ಟಕ್ಕೇ ಮುಗಿದಿದ್ದರೆ ನನ್ನ ಕೃತಜ್ಞತೆಗೆ ಕಲೆ ಇರುತ್ತಿರಲಿಲ್ಲ.

ಮುಗಿಯಲಿಲ್ಲ. ಆ ಡಿಸ್ಕು ಸತ್ತ ಸಂಗತಿಯನ್ನು ನೀನು ಗೈಡಿಗೆ ಹೇಳಿದೆ. ಮೂರು ತಿಂಗಳು ಒಂದೇ ಡಿಸ್ಕಿನಲ್ಲಿ ಹೇಗೆ ನಡೆಯಿತೆಂದು ಬರವಣಿಗೆಯಲ್ಲಿ ಕೊಡು ಎಂದರು ಅವರು. ನೀನು ಇಂಗ್ಲಿಷಿನಲ್ಲಿ ಒಂದು ಪುಟ ಬರೆದು, ಅಡುಗೆಮನೆಗೆ ತಂದೆ. "ಆಂಟಿ, ನಿಮ್ಮ ಇಂಗ್ಲಿಷ್ ಚಲೋ ಐತಿ. ಒಂದ್ಸಲ ನೋಡಿಕೊಡ್ರಿ."

ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಪೆನ್ಸಿಲ್ ಹಿಡಿದು ಓದಿದೆ. ಡಿಸ್ಕನ್ನು ಕೂರಿಸುವುದರಲ್ಲಿ ನನ್ನಿಂದ ತಪ್ಪಾಯಿತು, ಬೇರೆ ಯಾರಿಗೂ ಇದರಲ್ಲಿ ಸಂಬಂಧವಿಲ್ಲ ಎಂದು ನೀನು ಬರೆದಿದ್ದೆ. ತಪ್ಪಿಗೆ ನೀನು ಬಳಸಿದ್ದ ಪದ ‘ಓವರ್‌ಸೈಟ್’. ಕಣ್ತಪ್ಪು. ನಾನು ಅದನ್ನು ಹೊಡೆದು ಮೇಲೆ ‘ನೆಗ್ಲಿಜೆನ್ಸ್’ ಎಂದು ಬರೆದೆ. ನಿರ್ಲಕ್ಷ್ಯ.

"ಹೀಗಿದ್ರೆ ಪ್ರಾಮಾಣಿಕವಾಗಿ ಕಾಣುತ್ತೆ" ಎಂದೆ.

ಈ ಪತ್ರದಲ್ಲಿ ನನಗೆ ಬರೆಯಲು ಎಲ್ಲಕ್ಕಿಂತ ಕಷ್ಟವಾದದ್ದು ಇದು. ಡಿಸ್ಕು ಎಳೆದದ್ದು ಅವಿವೇಕ, ಇಲ್ಲವೆಂದದ್ದು ಹೇಡಿತನ. ಇದು ಬೇರೆ. ಸಣ್ಣ ಪದ ಉಳಿದರೆ ಯಾರಾದರೂ ಇನ್ನಷ್ಟು ಕೆದಕಿಯಾರು, ದೊಡ್ಡ ಪದ ಬಿದ್ದರೆ ವಿಷಯ ಅಲ್ಲಿಗೇ ನಿಲ್ಲುತ್ತದೆ — ಹೀಗೆ ಒಂದು ಕ್ಷಣದಲ್ಲಿ, ಪೆನ್ಸಿಲ್ ಕೈಯಲ್ಲಿರುವಾಗಲೇ, ನನ್ನ ತಲೆ ಯೋಚಿಸಿತು. ನೀನು ಥ್ಯಾಂಕ್ಸ್ ಎಂದು ಹೇಳಿ, ತಿದ್ದಿದಂತೆಯೇ ಟೈಪು ಮಾಡಿ ಸಹಿ ಹಾಕಿದೆ.

ಎರಡೇ ವಾರದಲ್ಲಿ ಯಂತ್ರಗಳ ಉಸ್ತುವಾರಿಯನ್ನು ನಿನ್ನಿಂದ ತೆಗೆದು ಇನ್ನೊಬ್ಬ ವಿದ್ಯಾರ್ಥಿಗೆ ಕೊಟ್ಟರು. ನಮ್ಮ ಬಾಲ್ಕನಿಯ ಬಿಳಿ ಡಬ್ಬಿಯನ್ನು ಯಾರೋ ಬಂದು ಬಿಚ್ಚಿಕೊಂಡು ಹೋದರು. ಗೋಡೆಯಲ್ಲಿ ನಾಲ್ಕು ತೂತು ಉಳಿದವು. ನಿನ್ನ ಪ್ರಬಂಧ ಒಂದು ವರ್ಷ ತಡವಾಯಿತು. ನೀನು ಒಂದು ದಿನವೂ ಊಟ ಬಿಡಲಿಲ್ಲ, ಮುಖ ಗಂಟಿಕ್ಕಲಿಲ್ಲ. "ಹೋಗ್ಲಿ ಬಿಡ್ರಿ ಆಂಟಿ, ಡೇಟಾ ಉಳೀತಲ್ಲ" ಎಂದು ನನಗೇ ಸಮಾಧಾನ ಹೇಳುತ್ತಿದ್ದೆ. ಆ ಬೇಸಗೆಯಲ್ಲಿ ಹಾಸ್ಟೆಲಿಗೆ ಹೋದೆ. ಹೋಗುವಾಗ ಆ ಕ್ರೋಶಾ ಹೊದಿಕೆಯನ್ನು ಮಡಿಸಿ ಬಟ್ಟೆಗಳ ನಡುವೆ ಇಟ್ಟುಕೊಂಡದ್ದನ್ನು ನಾನು ನೋಡಿದೆ.

ಆಮೇಲೂ ಪ್ರತಿ ಈದಿಗೆ ಬಂದೆ, ಯುಗಾದಿಗೆ ಬಂದೆ. ಅನನ್ಯಾಳ ಗಣಿತ ಸುಧಾರಿಸಿದ್ದು ನಿನ್ನಿಂದ, ಇವರಿಗೆ ಬಿ.ಪಿ. ಏರಿದಾಗ ಆಸ್ಪತ್ರೆಯಲ್ಲಿ ಸಾಲು ನಿಂತವಳು ನೀನು. ನಿನ್ನಿಂದ ನಾನು ಪಡೆದದ್ದಕ್ಕೆ ಕೊನೆಯಿಲ್ಲ. ಪ್ರತಿ ಸಲ ನೀನು ಮೆಟ್ರೋ ಇಳಿದು, ಗೇಟಿನಿಂದ ಇಂಟರ್‌ಕಾಮಿನಲ್ಲಿ "ಪಾನಕ ರೆಡಿ ಐತೇನ್ರಿ?" ಎಂದಾಗ ಕೃತಜ್ಞತೆಯಿಂದ "ಬಾರಮ್ಮ, ಬಾ" ಎನ್ನುತ್ತಿದ್ದೆ. ಅದೇ ಬಾಯಿಂದ ಒಂದು ನಿಜವನ್ನು ಹೊರಡಿಸಲು ಆಗಲಿಲ್ಲ.

ಹೋದ ವಾರ ನೀನು ಫೋನು ಮಾಡಿದೆ. ನಗರದ ಗಾಳಿ ಅಳೆಯುವ ದೊಡ್ಡ ಕೇಂದ್ರಕ್ಕೆ ಮುಖ್ಯಸ್ಥೆಯ ಹುದ್ದೆಗೆ ಅರ್ಜಿ ಹಾಕಿದ್ದೀಯಂತೆ. ನಿನ್ನ ಹಳೆಯ ಗೈಡೇ ಆಯ್ಕೆ ಸಮಿತಿಯಲ್ಲಿದ್ದಾರಂತೆ. ಸಂದರ್ಶನದಲ್ಲಿ ಆ ಒಂದು ಪುಟವನ್ನು ಮುಂದಿಟ್ಟು, ಯಂತ್ರಗಳ ವಿಷಯದಲ್ಲಿ ನಿರ್ಲಕ್ಷ್ಯ ಎಂದು ನೀವೇ ಒಪ್ಪಿಕೊಂಡಿದ್ದೀರಲ್ಲ ಎಂದರಂತೆ. "ಆ ಕಾಗದ ಇನ್ನೂ ಫೈಲಿನಾಗ ಐತ್ರಿ, ಆಂಟಿ" ಎಂದು ನಕ್ಕೆ. ನಗು ಪೂರ್ತಿ ಬರಲಿಲ್ಲ, ಕೇಳಿಸಿತು. ಮುಂದಿನ ವಾರದ ಕೊನೆಗೆ ತೀರ್ಮಾನ. ಫೋನಿಡುವ ಮೊದಲು ಹೇಳಿದೆ: "ಖರೇ ಹೇಳ್ತೀನ್ರಿ, ಅವತ್ತು ಆ ಸದ್ದು ನೀವು ಕೇಳಿ ಕೂಗದಿದ್ರ ನನ್ನ ಕಥಿ ಮುಗೀತಿತ್ತು. ನಿಮ್ಮ ಉಪಕಾರ ಮರ್ಯೂದಿಲ್ಲ."

ಅದನ್ನು ಕೇಳಿಸಿಕೊಂಡು ಇನ್ನು ಬದುಕಲಾರೆ.

ನಿನ್ನ ಗೈಡಿಗೆ ನಾನು ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದಿದ್ದೇನೆ. ನನ್ನ ಹೆಸರು, ಮನೆಯ ವಿಳಾಸ, ಕೆಳಗೆ ಸಹಿ. ಡಿಸ್ಕನ್ನು ಎಳೆದದ್ದು, ದೀಪ ಮುಚ್ಚಿದ್ದು, ಕೇಳಿದಾಗ ಇಲ್ಲ ಎಂದದ್ದು, ಪದ ತಿದ್ದಿದ್ದು — ನಾಲ್ಕನ್ನೂ ಬರೆದಿದ್ದೇನೆ. ಇವರಿಗೂ ಅನನ್ಯಾಳಿಗೂ ನಿನ್ನೆ ಊಟದ ಹೊತ್ತಿಗೆ ಹೇಳಿದೆ. ಇವರು "ಜೊತೆಗೆ ಬರಲಾ?" ಎಂದರು. ಬೇಡ ಎಂದೆ. ಅನನ್ಯಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳು ಇವತ್ತೂ ನನ್ನೊಡನೆ ಮಾತಾಡಿಲ್ಲ.

ಆ ಪತ್ರವನ್ನು ಕೊಡುವ ಮೊದಲು ನಿನಗೆ ತಿಳಿಯಬೇಕು, ಬೇರೆಯವರ ಬಾಯಿಂದ ಅಲ್ಲ. ಅದಕ್ಕೇ ಇದು. ಕ್ಷಮಿಸು ಎಂದು ಕೇಳುತ್ತಿಲ್ಲ. ನೀನು ಕೇಳದೆಯೇ ಕ್ಷಮಿಸಿಬಿಡುವವಳು, ಆ ಸೌಲಭ್ಯವನ್ನು ನಾನು ಮತ್ತೆ ಬಳಸಿಕೊಳ್ಳಬಾರದು.

ನಿನ್ನ ಗೈಡು ಮಂಗಳವಾರ ಹನ್ನೊಂದರಿಂದ ಹನ್ನೆರಡರವರೆಗೆ ತಮ್ಮ ಕೋಣೆಯಲ್ಲಿ ಸಿಗುತ್ತಾರೆಂದು ನಿಮ್ಮ ವಿಭಾಗಕ್ಕೆ ಫೋನು ಮಾಡಿ ತಿಳಿದುಕೊಂಡಿದ್ದೇನೆ. ಕೈಯಾರೆ ಕೊಡುತ್ತೇನೆ. ಅವರು ಏನು ಕೇಳಿದರೂ ಅಲ್ಲೇ ನಿಂತು ಉತ್ತರ ಹೇಳಿ ಬರುತ್ತೇನೆ.